ಕಾಯಿಲೆಯ ಕಾಲಂ

ಪರೇಲಿನ ದನದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಗೆದ್ದಲು ಓದಿ ಮುಗಿಸದೆ ಬಿಟ್ಟ ದಫ್ತರುಗಳನ್ನು
ಪಟ್ಟಿ ಮಾಡುವುದು ನನ್ನ ಕೆಲಸ. ಆರು ತಿಂಗಳ ಕರಾರು.
ನಿನ್ನೆ ಸಿಕ್ಕಿದ್ದು:
ಟ್ರಾಮ್ ಕಂಪನಿಯ ಕುದುರೆ, ನಂಬರು ಎಂಬತ್ತೊಂದು,
ಕಂದು ಬಣ್ಣ, ಹೆಣ್ಣು, ವಯಸ್ಸು ಒಂಬತ್ತು.
ಕಾಯಿಲೆಯ ಕಾಲಮ್ಮಿನಲ್ಲಿ, ತುಕ್ಕಿಗೆ ತಿರುಗಿದ ಶಾಯಿಯಲ್ಲಿ,
ಕುಮ್ರಿ.

ಯಾರೋ ಮನೆಯ ಹೆಸರು ಹಿಡಿದು ಕರೆದಂತಾಯಿತು.

ನಮ್ಮ ಜೊಯಿಡಾ ಕಡೆ ಕುಮ್ರಿ ಅಂದರೆ ಕಾಯಿಲೆಯಲ್ಲ.
ಗುಡ್ಡದ ಓರೆಯಲ್ಲಿ ಗಿಡಗಂಟಿ ಸವರಿ
ಒಣಗಲು ಬಿಟ್ಟು, ಬೆಂಕಿ ಕೊಟ್ಟು,
ಮೊದಲ ಹನಿಗೆ ಬೂದಿ ಒದ್ದೆಯಾದಾಗ ರಾಗಿ ಚೆಲ್ಲುವುದು.
ಎರಡು ಬೆಳೆ. ಆಮೇಲೆ ಗುಡ್ಡವನ್ನು ಗುಡ್ಡಕ್ಕೇ ಬಿಟ್ಟು
ಮುಂದಿನ ಗುಡ್ಡ.
ಪೂತಳಿ ಅಜ್ಜಿಯ ಅಂಗಾಲು ಕೊನೆತನಕ ಕಪ್ಪಗೇ ಇತ್ತು.
ಫಾರೆಸ್ಟಿನವರು ಬಂದು ಕುಮ್ರಿ ಬಂದ್ ಅಂದ ದಿನ
ಕತ್ತಿಯನ್ನು ಮಾಡಿಗೆ ಸಿಕ್ಕಿಸಿದವಳು
ಮತ್ತೆ ಇಳಿಸಲಿಲ್ಲವಂತೆ.

ಹಾಗಾದರೆ ಕುದುರೆಗೆ ಹೇಗೆ ಬಂತು?

ಮಹಾಲಕ್ಷ್ಮಿಯ ಲಾಯದಲ್ಲಿ ಐವತ್ತು ವರ್ಷ ದುಡಿದ ಮಕ್ತುಂಸಾಬರು
ಸಾತ್ ರಸ್ತಾದ ಚಹಾದಂಗಡಿಯಲ್ಲಿ ನಕ್ಕರು.
ವಿಜಾಪುರದ ಕನ್ನಡ, ಬಾಯಲ್ಲಿ ಹಲ್ಲು ನಾಲ್ಕು.
"ಅದು ನಿಮ್ಮ ಗುಡ್ಡದ್ದಲ್ಲವಾ ಅವ್ವಾ. ಕಮರ್ ಅಂದ್ರ ನಡ.
ಕುದರಿ ನಡ ಬೀಳತೈತಿ. ಹಿಂದಿನ ಕಾಲು
ಕುಡದವನ ಕಾಲಿನಂಗ ಎಳೀತೈತಿ.
ನಾ ನೋಡಿಲ್ಲ, ನಮ್ಮ ಮುತ್ಯಾ ನೋಡಿದ್ದ.
ಈಗಿನ ಡಾಕ್ಟ್ರು ಬ್ಯಾರೆ ಏನೋ ಉದ್ದಂದು ಅಂತಾರ."
ಗ್ಲಾಸು ತಿರುಗಿಸಿ, ಏನೋ ನೆನಪಾಗಿ,
"ಶಾಯರಿಯೊಳಗ ಇನ್ನೊಂದು ಕುಮ್ರಿ ಐತಿ. ಹಕ್ಕಿ, ಬೆಳವ.
ಅದಕ್ಕೂ ಇದಕ್ಕೂ ಸಂಬಂಧಿಲ್ಲ."

ಸಂಬಂಧವಿಲ್ಲ. ನಾನೂ ನಿಘಂಟು ನೋಡಿದೆ.
ನಮ್ಮ ಚಾಳಿನಲ್ಲೂ ಇಬ್ಬರು ಸುಲೋಚನಾ ತಾಂಡೇಲರಿದ್ದಾರೆ.
ಒಬ್ಬರ ಲೈಟ್ ಬಿಲ್ಲು ಇನ್ನೊಬ್ಬರ ಬಾಗಿಲಿಗೆ ಬರುತ್ತದೆ,
ಅಷ್ಟೇ. ಮಾತುಕತೆಯಿಲ್ಲ.

ಇವತ್ತು ಪುಟ ತಿರುವಿದೆ.
ಚಿಕಿತ್ಸೆ: ಕಾದ ಕಬ್ಬಿಣದಿಂದ ಸೊಂಟಕ್ಕೆ ಬರೆ,
ಅಡ್ಡ ಏಳು, ಉದ್ದ ಏಳು.
ಹದಿನೈದು ದಿನ ಲಾಯದಲ್ಲಿ. ಮುಂದೆ ಏನೂ ಬರೆದಿಲ್ಲ.

ಆ ಸುಟ್ಟ ಚೌಕಗಳ ಮೇಲೆ
ಸೆರಗಿನಿಂದ ರಾಗಿ ತೆಗೆದು ಚೆಲ್ಲುತ್ತ
ಅಜ್ಜಿ ನಡೆದಳು, ಸೊಂಟ ಬಗ್ಗಿಸಿ. ಎಂಬತ್ತೊಂದು
ಕಿವಿಯಷ್ಟೇ ಹಿಂದಕ್ಕೆ ತಿರುಗಿಸಿತು.

ನನ್ನ ಪಟ್ಟಿಯ ಕೊನೆಗೆ ಷರಾ ಅಂತ ಒಂದು ಕಾಲಂ.
ಖಾಲಿ ಬಿಡಬಾರದು, ಸಾಹೇಬರ ಅಪ್ಪಣೆ.
ಬರೆದೆ: ಈ ಶಬ್ದ ಈಗ ಬಳಕೆಯಲ್ಲಿಲ್ಲ.
ಯಾವುದು ಅಂತ ಬರೆಯಲಿಲ್ಲ.

ನಲ್ಲಿಗೆ ನೀರು ಬರುವುದು ನಾಲ್ಕಕ್ಕೆ.
ಅಲ್ಲಿಯತನಕ ಅಂಗೈ ಕಪ್ಪಗೇ ಇರಲಿ.