ರಾತ್ರಿಗೇನು?

ಅಂಚೆ ಕಚೇರಿಯಲ್ಲಿ ಕಡೆಯ ಠಸ್ಸೆ ಒತ್ತಿ
ನಾಪೋಕ್ಲು ಪೇಟೆ ದಾಟುವಷ್ಟರಲ್ಲಿ
ಶುರುವಾಗುತ್ತದೆ ಅದು, ಹಲ್ಲುನೋವಿನ ಹಾಗೆ, ಸಣ್ಣಗೆ:
ರಾತ್ರಿಗೇನು?

ನಿನ್ನೆ ಇದಕ್ಕೆ ಉತ್ತರ ಕೊಟ್ಟಿದ್ದೆ. ಮೊನ್ನೆಯೂ.
ಮದುವೆಯಾದ ದಿನದಿಂದ ಹಿಡಿದರೆ
ಏಳು ಸಾವಿರ ಚಿಲ್ಲರೆ ಉತ್ತರ.
ಅಷ್ಟನ್ನೂ ತಿಂದು ತೇಗಿ
ಮತ್ತೆ ಅದನ್ನೇ ಕೇಳುತ್ತಾರೆ ನಮ್ಮವರು,
ಈಗಷ್ಟೇ ಹೊಳೆದ ಹಾಗೆ.

ಪಾಡಿ ಬೆಟ್ಟದ ಇಗ್ಗುತಪ್ಪಾ,
ನಿನ್ನೊಡನೆ ಸ್ವಲ್ಪ ಮಾತಿದೆ.
ಕೊಡಗಿಗೆಲ್ಲ ಅಕ್ಕಿ ಕೊಡುವವನು ನೀನು.
ಒಪ್ಪಿದೆ. ಮಳೆ, ಗದ್ದೆ, ಕದಿರು ನಿನ್ನ ಖಾತೆ.
ಅಕ್ಕಿ ಕೊಟ್ಟು ಕೈ ತೊಳೆದುಕೊಂಡೆಯಲ್ಲ,
ಅದರ ಜೊತೆಗೆ ನೆಂಚಿಕೊಳ್ಳುವುದು ಯಾರ ಖಾತೆ?

ನಮ್ಮ ಮನೆಯ ನಾಲಿಗೆಗಳನ್ನು ನೀನೇ ಮಾಡಿದ್ದಾದರೆ
ಆ ದಿನ ನಿನಗೆ ಬೇರೇನೋ ಯೋಚನೆ ಇತ್ತು.
ಮಾವಿ ಪೊನ್ನವ್ವನಿಗೆ ಹಲ್ಲಿಲ್ಲ, ಅಭಿಪ್ರಾಯವಿದೆ.
ನೂಪುಟ್ಟು ಮೆತ್ತಗಿರಬೇಕು, ಅಂಟಬಾರದು;
ಕಾಚಂಪುಳಿ ಇರಬೇಕು, ಹುಳಿ ಇರಬಾರದು.
ಬಿದ್ದಯ್ಯ ದೊಡ್ಡ ಮನಸ್ಸಿನವರು,
"ಏನಾದರೂ ಸರಿ" ಅನ್ನುತ್ತಾರೆ.
ನಾನು ಮಾಡಿದ್ದು ಈವರೆಗೆ ಒಮ್ಮೆಯೂ
ಆ 'ಏನಾದರೂ' ಆಗಿದ್ದಿಲ್ಲ.
ಮಗಳು ದೇಚು ಹೋದ ತಿಂಗಳು ಮಾಂಸ ಬಿಟ್ಟಳು.
ಪಂದಿ ಕರಿಯ ಮುಂದೆ ಮೂಗು ಮುಚ್ಚಿ ನಿಂತು
"ರಸ ಮಾತ್ರ ಒಂದು ಸೌಟು" ಅನ್ನುತ್ತಾಳೆ.
ಬೋಪುವಿಗೆ ಮೊಟ್ಟೆ. ಯಾವಾಗಲೂ ಮೊಟ್ಟೆ.

ಮೊನ್ನೆ ಗುರುವಾರದ್ದು ನಿನಗೆ ಗೊತ್ತೇ ಇದೆ,
ನೀನೇ ಮಾಡಿಸಿದ್ದು ತಾನೆ.
ಮಾವಿ ನೆಲ್ಲಕ್ಕಿಯಲ್ಲಿ ದೀಪ ಹಚ್ಚುತ್ತಿದ್ದರು,
ಇಲ್ಲಿ ಕಡಂಬುಟ್ಟು ಅರ್ಧ ಬೆಂದಿತ್ತು,
ಗ್ಯಾಸು ಒಮ್ಮೆ ನೀಲಿಯಾಗಿ ನಕ್ಕು ಆರಿತು.
ಹಿತ್ತಲಿನ ಸ್ನಾನದ ಒಲೆಗೆ ಪಾತ್ರೆ ಹೊತ್ತು ಓಡಿದೆ,
ಹಸಿ ಸೌದೆ ಊದಿದೆ, ಅತ್ತೆ, ನಿನ್ನನ್ನು ಬೈದೆ.
ಆಗಲೇ ಅಂಗಳದಲ್ಲಿ ಜೀಪಿನ ಬೆಳಕು.
ಪೊನ್ನಂಪೇಟೆಯ ಭಾವ, ಜೊತೆಗೆ ಮೂರು ಜನ,
ಮದುವೆ ಕರೆಯಲು ಬಂದವರು.
"ಏನೂ ಬೇಡ ಚೋಂದಮ್ಮ, ಬರೀ ಟೀ ಸಾಕು."
ಬರೀ ಟೀ ಅಂದರೇನೆಂದು
ನಮ್ಮ ಕಡೆ ಕೋಳಿಗಳಿಗೂ ಗೊತ್ತು.
ಅವು ಗೂಡಿನ ಮೂಲೆ ಸೇರಿದವು.
ಅವುಗಳ ಪುಣ್ಯ, ನನಗೆ ಹೊತ್ತಿರಲಿಲ್ಲ.

ಬೈಂಬಳೆ ಸಾರಿಗೆ ಒಂದು ಚೆಂಬು ನೀರು ಹಾಕಿದೆ.
ಪುತ್ತರಿಯ ರಾತ್ರಿ ಕದಿರು ಹಿಡಿದು ಕೂಗುತ್ತೇವಲ್ಲ,
ಅದು ಸೌಟು ಹಿಡಿದ ಬಾಯಿಗೆ ತಾನಾಗಿ ಬಂತು:
ಪೊಲಿ ಪೊಲಿ ದೇವಾ.
ಇನ್ನೊಂದು ಚೆಂಬು. ಪೊಲಿ ಪೊಲಿ.
ಸಾರು ಹೆಚ್ಚಿತು. ಸರಿ.
ಆದರೆ ಕಡಂಬುಟ್ಟಿಗೆ ನೀರು ಹಾಕಲಾಗದು.
ಇಪ್ಪತ್ತೆರಡು ಉಂಡೆ, ಒಂಬತ್ತು ಜನ.
ಅದರಲ್ಲಿ ನಾಲ್ವರು ನೆಂಟರು, ಅದರಲ್ಲೊಬ್ಬ ಕುಸ್ತಿಯವನು.

ಬಡಿಸುತ್ತ ಬಂದೆ.
ಆರಕ್ಕೆ ಕಡಿಮೆ ಮುಟ್ಟದ ಬಿದ್ದಯ್ಯ
ಎರಡಕ್ಕೇ ಎಲೆಯ ಮೇಲೆ ಕೈ ಅಡ್ಡ ಹಿಡಿದು
ಜೋರಾಗಿ ಒಂದು ಸುಳ್ಳು ತೇಗು ತೇಗಿದರು.
ದೇಚುವಿಗೆ ಹಸಿವಿಲ್ಲ, ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬವಂತೆ.
ಬೋಪು, ಮೊಟ್ಟೆಯ ಸುದ್ದಿಯೇ ಎತ್ತಲಿಲ್ಲ.
ಮಾವಿಯನ್ನು ಕೇಳಿದೆ.
"ಒಂದೇ ಸಾಕು, ಹಲ್ಲುನೋವು" ಅಂದರು.

ಅಡುಗೆಮನೆಗೆ ಬಂದು ಸೆರಗು ಬಾಯಿಗೊತ್ತಿ ನಕ್ಕೆ.
ಆಮೇಲೆ ಕಣ್ಣು ಯಾಕೋ ಉರಿಯಿತು.
ಹಸಿ ಸೌದೆಯ ಹೊಗೆ ಇರಬೇಕು.
ಪಾತ್ರೆಯ ತಳದಲ್ಲಿ ನನಗೆಂದು
ಎರಡು ಉಂಡೆ ಉಳಿದಿದ್ದವು.
ಭಾವ ಹೊರಡುವಾಗ ಕೇಳಿದರು,
"ಸಾರಿಗೆ ಏನು ಹಾಕಿದೆ? ಬಹಳ ಚೆನ್ನಾಗಿತ್ತು."

ಪವಾಡ ಅನ್ನಲಾರೆ, ಇಗ್ಗುತಪ್ಪಾ.
ನೀರು ಹಾಕಿದ್ದು ನಾನೇ, ನಾನೇ ಸಾಕ್ಷಿ.
ಆದರೆ ಅವರು ನಾಲ್ವರೂ ಒಂದೇ ರಾತ್ರಿ
ಹೇಳಿಕೊಡದೆ ಸುಳ್ಳು ಹೇಳಿದ್ದು
ನನ್ನ ಕೈಯಡುಗೆಯಲ್ಲ.

ಇಗೋ, ನಾಳೆಗೆ ಕಡಲೆ ನೆನೆಹಾಕುತ್ತಿದ್ದೇನೆ.
ಹೆಚ್ಚಿಗೆ ಒಂದು ಹಿಡಿ ಹಾಕಿದೆ.
ಯಾವ ಜೀಪನ್ನು ಯಾವಾಗ ಕಳಿಸುತ್ತೀಯೋ,
ನಿನ್ನನ್ನು ನಂಬಲಾಗದು.