ಎಂಟು ಮೆಟ್ಟಿಲು ಬಾಕಿ

ನನ್ನ ಅನ್ನ ಇರುವುದು ಹತ್ತಲಾರದವರ ಮೊಣಕಾಲಿನಲ್ಲಿ.
ಒದೆಸಾದ ಈ ಮಹಾ ಮೆಟ್ಟಿಲ ಪಕ್ಕ
ಹಳಿಯ ಮೇಲೆ ಏರಿ ಇಳಿಯುವ ಗಾಜಿನ ಡಬ್ಬಿ,
ಅದರ ಗುಂಡಿ ಒತ್ತುವವಳು ನಾನು.
ಹದಿನೇಳು ವರ್ಷ.
ಒಂದು ದಿನವೂ ನಡೆದು ಹತ್ತಿದವಳಲ್ಲ.

ಫೀರಾ ಲ್ವೋವ್ನಾ ಮಾತ್ರ ನನ್ನ ಗಿರಾಕಿಯಲ್ಲ.
ವಯಸ್ಸು ಎಂಬತ್ತಮೂರು, ಬಲೆಚೀಲದಲ್ಲಿ ಬೆರಳುದ್ದದ ಮೀನು,
ಬಂದರಿನ ಕಡೆಯಿಂದ ಬಂದು ಕೆಳಗೆ ನಿಲ್ಲುತ್ತಾಳೆ.
ಡಾಮರು ರಸ್ತೆಯ ಮೇಲೆ, ನಿಂತಲ್ಲೇ,
ಎಂಟು ಸಲ ಕಾಲೆತ್ತಿ ಇಡುತ್ತಾಳೆ, ಬಾಯಿಬಿಟ್ಟು ಎಣಿಸಿ,
ಆಮೇಲೆ ಒಂಬತ್ತು ಅನ್ನುತ್ತ ಮೊದಲ ಮೆಟ್ಟಿಲಿಗೆ.
ಲಾರಿಯವರು ಹಾರನ್ ಹೊಡೆಯುತ್ತಾರೆ.
ಹೊಡೆದುಕೊಳ್ಳಲಿ.

‘ಕಟ್ಟಿದ್ದು ಇನ್ನೂರು ಕಣೇ’ ಅಂದಳು ಒಮ್ಮೆ,
‘ಬಂದರು ಬೆಳೆದು ಬೆಳೆದು ಎಂಟನ್ನು ನುಂಗಿತು.
ನುಂಗಿದವರ ಲೆಕ್ಕ ಅವರಿಗೆ.
ನನ್ನ ಕಾಲಿನ ಲೆಕ್ಕ ಬೇರೆ.’

ಮೊದಲಿಗೆ ಇಲ್ಲಿ ಮಣ್ಣಿನ ಜಾರು, ಮರದ ಏಣಿ.
ತ್ರಿಯೆಸ್ತೆಯಿಂದ ಹಡಗಿನಲ್ಲಿ ಬಂತಂತೆ ಮರಳುಗಲ್ಲು.
ಕಲ್ಲಿಗೆ ಬರವೇ ಈ ಊರಿಗೆ?
ತನ್ನ ಹೊಟ್ಟೆ ತಾನೇ ಬಗೆದು ಚಿಪ್ಪುಗಲ್ಲು ತೆಗೆದು
ಆ ಪೊಳ್ಳಿನ ಮೇಲೇ ಮನೆ ಕಟ್ಟಿಕೊಂಡ ಊರು.
ಹೊಸ್ತಿಲಿಗೆ ಮಾತ್ರ ಪರದೇಶದ ಕಲ್ಲು ಬೇಕಾಯಿತು,
ಕಡಲಿಂದ ಬಂದವರು ಮೊದಲು ನೋಡುವುದು ಅದನ್ನೇ ತಾನೆ.
ತೊಂಬತ್ತು ಚಳಿಗಾಲ ತಿಂದು ಅದೂ ಹುಡಿಹುಡಿ.
ಆಮೇಲೆ ಗ್ರಾನೈಟು. ಮೋಡ ಕವಿದಾಗ ಬೂದಿ,
ಸಂಜೆ ಬಿಸಿಲಿಗೆ ಒಂಚೂರು ಗುಲಾಬಿ.

ಕಟ್ಟಿದವನಿಗೆ ಕಣ್ಕಟ್ಟು ಗೊತ್ತಿತ್ತು.
ಮೇಲೆ ನಿಂತು ನೋಡು, ಮೆಟ್ಟಿಲೇ ಇಲ್ಲ,
ಜಗಲಿಯಾದ ಮೇಲೆ ಜಗಲಿ, ಹತ್ತು ಜಗಲಿ,
ಸೀದಾ ನೀರಿಗೆ.
ಕೆಳಗೆ ನಿಂತು ನೋಡು, ಜಗಲಿಯೇ ಇಲ್ಲ.
ಇಲ್ಲಿ ಮೂಟೆ ಹೊತ್ತವರನ್ನು ಯಾರೂ ಕೇಳಲಿಲ್ಲ
ಅವರಿಗೆ ಕಂಡದ್ದು ಯಾವುದು ಅಂತ.

ತುದಿಯಲ್ಲಿ ಕಂಚಿನ ಡ್ಯೂಕ್, ಕಡಲಿಗೆ ಕೈ ಚಾಚಿ.
ಎಡಕ್ಕೆ ಹೋಗಿ ಎರಡನೇ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ನಿಂತರೆ
ಅವನ ಕೈಯ ಸುರುಳಿ ಇನ್ನೇನೋ ಆಗಿ ಕಾಣುತ್ತದೆ;
ಶಾಲೆಯ ಹುಡುಗಿಯರೂ ಬಾಯಿಗೆ ಸೆರಗಿಲ್ಲದೆ ನಗುತ್ತಾರೆ.
ಆ ವರ್ಷ ಮಾತ್ರ ಅವನಿಗೆ ಮರಳಿನ ಚೀಲ ಪೇರಿಸಿದರು.
ತಲೆಯೊಂದು ಹೊರಗೆ,
ಕ್ಷೌರಕ್ಕೆ ಕೂತವನ ಹಾಗೆ.

ಮೆಟ್ಟಿಲಿಗೆ ಮುಳ್ಳುತಂತಿ. ಕಡಲಲ್ಲಿ ಸಿಡಿಗುಂಡು.
ಕರೆಂಟಿಲ್ಲ, ನನ್ನ ಡಬ್ಬಿ ನಡುದಾರಿಯಲ್ಲೇ ನೇತುಬಿತ್ತು.
ಫೀರಾ ಲ್ವೋವ್ನಾ ಬಂದಳು, ಚೀಲದಲ್ಲಿ ಮೀನಿಲ್ಲ.
ಕಾವಲಿನ ಹುಡುಗ ಓಸ್ತಾಪ್, ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ,
‘ಅಜ್ಜಿ, ಬಿಡುವಂತಿಲ್ಲ’ ಅಂದ.
ಬಿಡಬೇಡಪ್ಪ, ಅಂದಳು.
ತಂತಿಯ ಮುಂದೆ ಸಪಾಟು ನೆಲದ ಮೇಲೆ
ಇನ್ನೂರೂ ಹತ್ತಿದಳು.
ನೂರರ ಮೇಲೆ ಅವಳಿಗೆ ಏದುಸಿರು.
ನೂರ ಎಪ್ಪತ್ತಕ್ಕೆ ಬಂದೂಕು ಹೆಗಲಿಗೇರಿಸಿ
ಅವನು ಅವಳ ಮೊಣಕೈ ಹಿಡಿದುಕೊಂಡ.

ಈಗ ತಂಗಿಯ ಮಗಳು ಕಿಶಿನೌಗೆ ಕರೆದೊಯ್ದಿದ್ದಾಳಂತೆ.
ಆರನೇ ಮಹಡಿ. ಲಿಫ್ಟು ಇದೆಯಂತೆ.
ಲಿಫ್ಟಿನವರ ಪಾಡು ಏನೋ.

ಮೊನ್ನೆ ತಂತಿ ತೆಗೆದರು, ಸ್ವಲ್ಪ ದಿನಕ್ಕೆ ಅಂತ.
ಪಾಳಿ ಮುಗಿಸಿ ಕೆಳಗಿಳಿದೆ. ಡಾಮರಿನ ಮೇಲೆ ನಿಂತೆ.
ಇದರಡಿಯಲ್ಲಿ ಎಲ್ಲೋ ಆ ಎಂಟು,
ಯಾರ ಚಪ್ಪಲಿಯೂ ಸವೆಸದೆ ಚೂಪಾಗಿಯೇ ಇರಬಹುದು ಅಂಚು.
ನಾಚಿಕೆಯಾಯಿತು. ಅತ್ತಿತ್ತ ನೋಡಿ
ಕಾಲೆತ್ತಿದೆ.
ಒಂದು. ಎರಡು. ಒಬ್ಬ ಲಾರಿಯವನು ನಿಧಾನ ಮಾಡಿದ.
ಐದಕ್ಕೆ ಸೈರನ್ ಕೂಗಿತು.
ಆರು ಅಂದೆನೋ, ಅನ್ನಲಿಲ್ಲವೋ.