ಟಾರ್ಚು ಹಿಡಿದವಳು

ಅಲ್ಲಿ ಅಲ್ಲ ಮಾರಾಯ್ತಿ, ಇಲ್ಲಿ,
ಬೋಲ್ಟಿನ ಹಿಂದೆ.
ಆರು ವರ್ಷ ಟಾರ್ಚು ಹಿಡಿದಿದ್ದೇನೆ ನಾನು
ಜೆಪ್ಪುವಿನ ಈ ಶೀಟಿನ ಮಾಡಿನಡಿ,
ಒಂದು ಜೋಡಿ ಕಾಲಿನೊಡನೆ ಮಾತಾಡುತ್ತ.
ಸಿಪ್ರಿಯ ಉಳಿದ ಭಾಗ ಕಾರಿನ ಕೆಳಗೆ.

ಬಂದ ದಿನ ಅದು ಕಾರಾಗಿರಲಿಲ್ಲ.
ಯಾವುದೋ ಕಾಫಿ ತೋಟದಲ್ಲಿ
ಕೋಳಿಗಳು ಮೊಟ್ಟೆಯಿಡುತ್ತಿದ್ದ ಎಮ್‌ಜಿ.
ಎರಡೇ ಸೀಟು, ಎರಡರಲ್ಲೂ ಹಿಕ್ಕೆ.
ಸೌದೆ ಲಾರಿಯ ಮೇಲೆ ಚಾರ್ಮಾಡಿ ಇಳಿದು ಬಂತು.
ಮುಟ್ಟಿದರೆ ಬಾಗಿಲು ಹಪ್ಪಳ.
'ಉಪ್ಪುಗಾಳಿ ತಾಗದ ತಗಡು ನೋಡು' ಅಂದ ಸಿಪ್ರಿ,
ಹೆಣ್ಣು ನೋಡಿ ಬಂದವನ ಹಾಗೆ.
ಬೆಲೆ, ನನಗೆ ಹೇಳಿದ್ದು ಒಂದು.
ಅಂಗಿಯ ಕಿಸೆಯ ಚೀಟಿಯಲ್ಲಿದ್ದದ್ದು ಇನ್ನೊಂದು.

ಇಂಥ ಕಾರಿಗೆ ಹತ್ಯಾರು ಅಂಗಡಿಯಲ್ಲಿ ಇಲ್ಲ,
ಇದ್ದರೂ ನಮ್ಮ ಪರ್ಸಿಗೆ ಇಲ್ಲ.
ಬಂದರಿನ ಗುಜರಿ ಇದಿನಬ್ಬ
ಟ್ರಾಲ್‌ಬೋಟಿನ ಬೇರಿಂಗು ಎರಡು ಕೊಟ್ಟ.
ಒಂದರ ಮೇಲೊಂದು ಕೂರಿಸಿ ನಡುವೆ ತಗಡು ಓಡಿಸಿದರೆ,
ಹಿಂದೆ ಮುಂದೆ, ಹಿಂದೆ ಮುಂದೆ,
ತಗಡು ಮೆಲ್ಲ ಹೊಟ್ಟೆ ಬಿಡುತ್ತದೆ.
ನನ್ನ ರುಬ್ಬುವ ಕಲ್ಲಿನ ಗುಂಡು
ಒಳಗಿನಿಂದ ಆನಿಸಿ ಹಿಡಿಯಲಿಕ್ಕೆ ಹೋಯಿತು.
'ಗ್ರೈಂಡರ್ ಉಂಟಲ್ಲ' ಅಂದ.
ಮಗಳ ಹಳೇ ಜೀನ್ಸಿನ ಕಾಲಿಗೆ
ನೇತ್ರಾವತಿಯ ಹೊಯ್ಗೆ ತುಂಬಿ ಬಾಯಿ ಹೊಲಿದುಕೊಟ್ಟೆ.
ಅದರ ಮೇಲಿಟ್ಟು ಬಡಿದರೆ ನೆರೆಮನೆಗೆ ಪೆಟ್ಟು ಕೇಳುವುದಿಲ್ಲವಂತೆ.
ಕೇಳುತ್ತಿತ್ತು.
ನನ್ನ ಮೊಣಗಂಟಿನ ಎಕ್ಸ್‌ರೇ ಕತ್ತರಿಸಿ
ಮಡ್‌ಗಾರ್ಡಿಗೆ ಅಚ್ಚು ಮಾಡಿದ.
ಡಾಕ್ಟರು ಕೇಳಿದರೆ ಏನು ಹೇಳಲಿ,
ಎಲುಬು ಕಾರಿನಲ್ಲಿ ಉಂಟು ಅಂತಲೆ?

ತಗಡು ಬಿಚ್ಚಿದ ಮೇಲೆ ಗೊತ್ತಾಯಿತು
ಒಳಗಿದ್ದದ್ದು ಮರ.
ಓಡುವ ಕಾರಿನ ಮೈಯಲ್ಲಿ ಮರದ ಪಕ್ಕೆಲುಬು,
ಅದರೊಳಗೆ ಗೆದ್ದಲು.
ಹತ್ತು ದಿನ ಸಿಪ್ರಿ ಶೆಡ್ಡಿಗೆ ಹೋಗಲಿಲ್ಲ.
ದೋಣಿ ಇಂಜಿನಿನ ಫಿಟ್ಟರು, ಕಬ್ಬಿಣದ ಮನುಷ್ಯ,
ಮರದ ಭಾಷೆ ಬರುವುದಿಲ್ಲ.

ಹನ್ನೊಂದನೇ ದಿನ ನಾನೇ ಫೆರಿ ಹತ್ತಿ
ಬೆಂಗ್ರೆಗೆ ಹೋದೆ.
ದೋಣಿ ಕಟ್ಟುವ ದೂಮಪ್ಪ ಕರ್ಕೇರರು ಬಂದರು.
ಕಾರಿಗೆ ಎರಡು ಸುತ್ತು ಬಂದು, ಬಗ್ಗಿ ಮೂಸಿ,
ಕೇಳಿದ್ದು ಒಂದೇ:
'ಇದಕ್ಕೆ ನೀರು ಎಲ್ಲಿಂದ ನುಗ್ಗುತ್ತದೆ?'

ಹೆಬ್ಬಲಸಿನ ಪಟ್ಟಿ ತಂದರು. ಒಣಮರ ಬಾಗುವುದಿಲ್ಲ, ಬೇಯಬೇಕು.
ಬೇಯಿಸಲಿಕ್ಕೆ ಎಂಥದುಂಟು ಎಂದು
ಗಂಡಸರಿಬ್ಬರೂ ಅಂಗಳವಿಡೀ ಹುಡುಕಿದರು.
ನಾನು ಟಾರ್ಚು ಆರಿಸಿ ಅಡುಗೆಮನೆಗೆ ಹೋಗಿ
ಸನ್ನ ಬೇಯಿಸುವ ತೊಂದೋರ್ ಹೊತ್ತು ತಂದೆ.
ಮುಚ್ಚಳಕ್ಕೆ ತೂತು, ತೂತಿಗೆ ಹಳೇ ನೀರಿನ ಪೈಪು,
ಸಂದಿಗೆ ಕಲಸಿದ ಹಿಟ್ಟು. ಪೈಪಿನೊಳಗೆ ಮರ.
ಸಿಪ್ರಿ ಗಡಿಯಾರ ನೋಡಿದ.
ಕರ್ಕೇರರು ಬೆಂಕಿ ನೋಡಿದರು.
ನಾನು ಹಬೆಯ ವಾಸನೆ ನೋಡಿದೆ,
ಹಸಿ ಕಳೆದು ಹಲಸಿನ ತೊಳೆಯ ಹಾಗೆ ಸಿಹಿಯಾದಾಗ
'ಈಗ' ಅಂದೆ.
ಎಳೆದರು. ಬಾಗಿತು.
ಬಾಗಿಲ ಮೇಲಿಂದ ಹಿಂದಿನ ಗಾಲಿವರೆಗೆ ಒಂದೇ ಗೆರೆ,
ಬಿಸಿಲಿಗೆ ಮೈಮುರಿದ ಬೆಕ್ಕಿನ ಬೆನ್ನು.

ಆ ಕ್ರಿಸ್ಮಸ್ಸಿಗೆ ಸನ್ನ ನೆರೆಮನೆಯಿಂದ ಬಂತು,
ಪೆಟ್ಟು ಕೇಳುತ್ತಿದ್ದ ಮನೆಯಿಂದ.

ನಿನ್ನೆ ಬೆಳಿಗ್ಗೆ ಐದಕ್ಕೆ ಹೊರಗೆ ತೆಗೆದೆವು.
ಮೋರ್ಗನ್ಸ್ ಗೇಟಿನ ಹೊಂಡಕ್ಕೆ ಇಳಿದಾಗ
ತಗಡು ಕಿರುಚಲಿಲ್ಲ, ಒಳಗೆ ಮರ ನರಳಿತು
ಅಳಿವೆಬಾಯಿ ದಾಟುವ ದೋಣಿಯ ಹಾಗೆ.
ಸಿಪ್ರಿಗೆ ಅದು ಹಿಡಿಸಲಿಲ್ಲ. ನನಗೆ ಹಿಡಿಸಿತು.
ರಿವರ್ಸ್ ಇನ್ನೂ ಕೂತಿಲ್ಲ,
ನಿಂತಲ್ಲಿ ತಿರುಗಿಸುವ ಹಾಗಿಲ್ಲ.
ಮುಂದೆ ಮುಂದೆಯೇ ಹೋಗಿ ಪಾಂಡೇಶ್ವರ, ಹಂಪನಕಟ್ಟೆ,
ಕಂಕನಾಡಿ, ವೆಲೆನ್ಸಿಯ,
ಹಾಲಿನ ವ್ಯಾನಿನವನಿಗೆ ಒಂದು ಹಾರ್ನು,
ಮತ್ತೆ ಮನೆ.
ಮೂಗು ಗೋಡೆಗೆ ಮಾಡಿ ನಿಂತಿದೆ ಈಗ.
ಹೊರಗೆ ಬರಬೇಕಾದರೆ ಇಬ್ಬರೂ ದೂಡಬೇಕು.

ಸಂಜೆ ಕರ್ಕೇರರು ಬರುತ್ತಾರೆ,
ಮರಕ್ಕೆ ಕೊನೆಯ ಎಣ್ಣೆ ಸವರಲಿಕ್ಕೆ.
ಮೀನಿನೆಣ್ಣೆ.
ವಾಸನೆ ಹೋಗಲಿಕ್ಕೆ ಎರಡು ಮಳೆಗಾಲ ಬೇಕಂತೆ.
ಸಿಪ್ರಿಗೆ ನಾನಿನ್ನೂ ಹೇಳಿಲ್ಲ.